ನೀರುಗಂಟಿ: ನಮ್ಮ ಪುಟ್ಟ ಮೈಕ್ರೋಕರ್ನಲ್‌ಗೆ ಪೇಜಿಂಗ್ ಕೂರಿಸಿದ ಕಥೆ

ನಮ್ಮ ಪುಟ್ಟ ಮೈಕ್ರೋಕರ್ನಲ್ (ತೀರಾ ಬೇಕಾದ್ದನ್ನಷ್ಟೇ ಒಳಗಿಟ್ಟುಕೊಂಡು ಉಳಿದದ್ದನ್ನು ಹೊರಗಿನ ಪ್ರೋಗ್ರಾಮ್‌ಗಳಿಗೆ ಬಿಡುವ ಆಪರೇಟಿಂಗ್ ಸಿಸ್ಟಮ್ ತಿರುಳು) ಇಷ್ಟು ದಿನ ಪೇಜಿಂಗ್, ಅಂದರೆ ಬೇಕಾದಾಗ ಬೇಕಾದಷ್ಟೇ ಮೆಮೊರಿ ಕೊಡುವ ಏರ್ಪಾಡು, ಇಲ್ಲದೆಯೇ ಓಡುತ್ತಿತ್ತು. ಪ್ರೋಗ್ರಾಮ್ ಶುರುವಾಗುವಾಗಲೇ ಅದು ಕೇಳಿದ ಮೆಮೊರಿಯನ್ನೆಲ್ಲ ಮ್ಯಾಪ್ ಮಾಡಿ (ಅದರ ವಿಳಾಸಗಳಿಗೆ ನಿಜವಾದ ಮೆಮೊರಿ ಜೋಡಿಸಿ) ಕೊಟ್ಟುಬಿಡುವುದು, ಆಮೇಲೆ ಆ ಕಡೆ ತಿರುಗಿಯೂ ನೋಡದಿರುವುದು. ಸುಲಭವೇನೋ ಹೌದು. ಆದರೆ 64 ಎಂಬಿ ಹೀಪ್ ಕೇಳಿ ಅದರಲ್ಲಿ ನಾಲ್ಕೇ ನಾಲ್ಕು ಪುಟ (ಒಂದು ಪುಟ ಎಂದರೆ 4 ಕೆಬಿ ಮೆಮೊರಿ) ಮುಟ್ಟುವ ಪ್ರೋಗ್ರಾಮ್‌ಗೂ ಪೂರ್ತಿ 64 ಎಂಬಿ ಹೋಗುತ್ತಿತ್ತು. ಮುಟ್ಟಿದಾಗ ಮಾತ್ರ ಪುಟ ಕೊಡಬೇಕು, ಸಾಲದಿದ್ದರೆ ಹಳೆಯ ಪುಟ ಎತ್ತಿ ಎಸ್‌ಡಿ ಕಾರ್ಡ್‌ಗೆ ಹಾಕಬೇಕು. ಅದೂ ಕರ್ನಲ್ ಒಳಗೆ ಒಂದು ಸಾಲು ಪಾಲಿಸಿ ಕೋಡ್ (ಯಾರಿಗೆ ಯಾವ ಪುಟ ಎಂದು ತೀರ್ಮಾನಿಸುವ ಕೋಡ್) ಇಲ್ಲದೆ. ಕೆಲಸ ಇದು.

ಜಾಗ ಮಂಡ್ಯ, ನಮ್ಮ ಮನೆಯ ಮಹಡಿ ಕೋಣೆ. ನಾನು ದಿನಾ ಮೈಸೂರಿಗೆ ಕೆಲಸಕ್ಕೆ ಹೋಗಿಬರುವವನು. ರೈಲಿನಲ್ಲಿ ಸೀಟು ಸಿಕ್ಕರೆ ರಿಸ್ಕ್-ಫೈವ್ ಪ್ರೊಸೆಸರ್‌ನ ಸ್ಪೆಕ್ ಓದುವುದು, ಭಾನುವಾರ ಕೋಡ್ ಬರೆಯುವುದು. ಇಲ್ಲೇ ಇಂಜಿನಿಯರಿಂಗ್ ಓದುತ್ತಿರುವ ಹುಡುಗರಿಬ್ಬರು ಜೊತೆಗಿದ್ದಾರೆ. ಮೊದಲು ಎಲ್ಲವೂ ಕ್ಯುಇಎಂಯು ಎಮ್ಯುಲೇಟರ್‌ನಲ್ಲಿ, ಆಮೇಲೆ ವಿಷನ್‌ಫೈವ್ 2 ಬೋರ್ಡ್‌ನಲ್ಲಿ. ಅದರಲ್ಲಿರುವುದು ಜೆಎಚ್7110 ಚಿಪ್, ಒಳಗೆ ನಾಲ್ಕು ಯು74 ಕೋರ್, ವೇಗ 1.5 ಗಿಗಾಹರ್ಟ್ಸ್.

ಪುಟ ಹಂಚುವ ಪ್ರೋಗ್ರಾಮ್‌ಗೆ ಪೇಜರ್ ಎನ್ನುತ್ತಾರೆ. ಅದನ್ನು ಕರ್ನಲ್‌ನಿಂದ ಹೊರಗಿಡುವುದು ಹೊಸ ಐಡಿಯಾ ಏನಲ್ಲ. 1985ರಲ್ಲಿ ಕಾರ್ನೆಗಿ ಮೆಲನ್‌ನಲ್ಲಿ ಶುರುವಾದ ಮಾಕ್ ಕರ್ನಲ್‌ನಲ್ಲೇ ಯೂಸರ್ ಮಟ್ಟದ (ಕರ್ನಲ್ ಹೊರಗಿನ) ಪೇಜರ್ ಇತ್ತು. ಮಾಕ್‌ಗೆ ಕೆಟ್ಟ ಹೆಸರು ಬಂದಿದ್ದು ಮೆಸೇಜ್ ಕಳಿಸುವ ಖರ್ಚಿನಿಂದ. 1993ರಲ್ಲಿ ಯೋಹೆನ್ ಲೀಟ್ಕೆ 50 ಮೆಗಾಹರ್ಟ್ಸ್‌ನ 486 ಪ್ರೊಸೆಸರ್ ಮೇಲೆ ಅಳೆದು ತೋರಿಸಿದರು: ಮಾಕ್‌ನಲ್ಲಿ ಒಂದು ಚಿಕ್ಕ ಮೆಸೇಜ್‌ಗೆ 115 ಮೈಕ್ರೋಸೆಕೆಂಡ್, ಅವರದೇ ಕರ್ನಲ್ ಎಲ್3ರಲ್ಲಿ 5. ಅದರ ಬೆನ್ನಿಗೆ ಬಂದ ಎಲ್4ರಲ್ಲಿ ಪೇಜ್ ಫಾಲ್ಟ್ (ಮ್ಯಾಪ್ ಆಗದ ಪುಟ ಮುಟ್ಟಿದಾಗ ಬೀಳುವ ತಡೆ) ಎಂದರೆ ಅದೂ ಒಂದು ಮೆಸೇಜ್, ಅಷ್ಟೇ. ಫಾಲ್ಟ್ ಆದ ಥ್ರೆಡ್‌ನ (ಪ್ರೋಗ್ರಾಮ್‌ನ ಓಡುತ್ತಿರುವ ಎಳೆಯ) ಹೆಸರಲ್ಲಿ ಕರ್ನಲ್ಲೇ ಪೇಜರ್‌ಗೆ ಮೆಸೇಜ್ ಕಳಿಸುತ್ತದೆ, ಪೇಜರ್ ಉತ್ತರ ಕೊಟ್ಟರೆ ಥ್ರೆಡ್ ಮುಂದುವರಿಯುತ್ತದೆ. ನಾವು ಹಿಡಿದದ್ದೂ ಇದೇ ದಾರಿ.

ಪೇಜರ್‌ಗೆ ನೀರುಗಂಟಿ ಅಂತ ಹೆಸರಿಟ್ಟೆವು. ನಾಲೆ, ತೂಬು ಕಟ್ಟಿಸಿದ್ದು ಸರ್ಕಾರ; ಇವತ್ತು ಯಾರ ಗದ್ದೆಗೆ ನೀರು ಅನ್ನುವುದು ನೀರುಗಂಟಿ ಕೈಲಿ. ಕರ್ನಲ್‌ಗೆ ತೂಬು ಎತ್ತಿಳಿಸುವ ಕೆಲಸ ಮಾತ್ರ. ವಿಶ್ವೇಶ್ವರಯ್ಯ ನಾಲೆ ಬಯಲಿನ ಹುಡುಗರಿಗೆ ಇದಕ್ಕಿಂತ ಜಾಸ್ತಿ ವಿವರಿಸುವ ಅಗತ್ಯ ಬೀಳಲಿಲ್ಲ.

ಕರ್ನಲ್ ಒಳಗೆ ಏನಿದೆ

ಫಾಲ್ಟ್ ಮೆಸೇಜ್‌ನಲ್ಲಿ ನಾಲ್ಕೇ ಪದ. ಯಾವ ವಿಳಾಸ ಮುಟ್ಟಿದಾಗ ಫಾಲ್ಟ್ ಆಯಿತು (ಎಸ್‌ಟಿವ್ಯಾಲ್ ರಿಜಿಸ್ಟರ್), ಯಾವ ಇನ್‌ಸ್ಟ್ರಕ್ಷನ್ ಮುಟ್ಟಿತು (ಎಸ್‌ಇಪಿಸಿ), ಯಾಕೆ (ಎಸ್‌ಕಾಸ್), ಯಾವ ಥ್ರೆಡ್. ಎಸ್‌ಕಾಸ್ 12 ಎಂದರೆ ಇನ್‌ಸ್ಟ್ರಕ್ಷನ್ ತರುವಾಗ, 13 ಎಂದರೆ ಓದುವಾಗ, 15 ಎಂದರೆ ಬರೆಯುವಾಗ.

ಒಂದು ಫಾಲ್ಟನ್ನು ಬಿಡಿಸಿ ನೋಡೋಣ. ಟೆಸ್ಟ್ ಪ್ರೋಗ್ರಾಮ್‌ನ ಹೀಪ್ ಶುರುವಾಗುವುದು ಹೆಕ್ಸ್ 10400000ದಿಂದ. ಅದು ಹೆಕ್ಸ್ 10403010ರಲ್ಲಿ ಏನೋ ಬರೆಯಲು ಹೋಗುತ್ತದೆ. ರಿಸ್ಕ್-ಫೈವ್‌ನ ಎಸ್‌ವಿ39 ಪದ್ಧತಿಯಲ್ಲಿ ವಿಳಾಸಕ್ಕೆ 39 ಬಿಟ್: ಯಾವ ವಿಳಾಸಕ್ಕೆ ಯಾವ ಪುಟ ಎಂದು ಹೇಳುವ ಮೂರು ಹಂತದ ಪೇಜ್ ಟೇಬಲ್‌ಗೆ ತಲಾ 9, ಪುಟದೊಳಗಿನ ಜಾಗಕ್ಕೆ 12. ನಮ್ಮ ವಿಳಾಸ ಹೀಗೆ ಒಡೆಯುತ್ತದೆ: ಮೇಲಿನ ಟೇಬಲ್‌ನಲ್ಲಿ 0ನೇ ಮನೆ, ನಡುವಿನದರಲ್ಲಿ 130ನೇ ಮನೆ, ಕೆಳಗಿನದರಲ್ಲಿ 3ನೇ ಮನೆ, ಪುಟದೊಳಗೆ 16ನೇ ಬೈಟ್. ಕೆಳಗಿನ ಟೇಬಲ್‌ನ 3ನೇ ಮನೆ ಖಾಲಿ. ಎಸ್‌ಕಾಸ್ 15ರೊಂದಿಗೆ ಟ್ರ್ಯಾಪ್, ಅಂದರೆ ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು ಕರ್ನಲ್‌ಗೆ ಜಿಗಿಯುತ್ತದೆ. ಥ್ರೆಡ್ ನಿಲ್ಲುತ್ತದೆ, ಮೆಸೇಜ್ ಹೋಗುತ್ತದೆ. ನೀರುಗಂಟಿ ತನ್ನ ಲೆಕ್ಕದಿಂದ ಸೊನ್ನೆ ತುಂಬಿದ ಒಂದು ಪುಟ ಎತ್ತಿ ಮ್ಯಾಪ್ ಮಾಡು ಎನ್ನುತ್ತದೆ, ಕರ್ನಲ್ 3ನೇ ಮನೆ ತುಂಬುತ್ತದೆ, ಥ್ರೆಡ್ ಅದೇ ಇನ್‌ಸ್ಟ್ರಕ್ಷನ್ ಮತ್ತೆ ಓಡಿಸುತ್ತದೆ.

ಈಗೊಂದು ಪ್ರಶ್ನೆ. ಕೆಳಗಿನ ಟೇಬಲ್ಲೇ ಇಲ್ಲದಿದ್ದರೆ? ಟೇಬಲ್ ಕೂಡ 4 ಕೆಬಿಯ ಒಂದು ಪುಟವೇ, ಅದನ್ನು ಯಾರು ಕೊಡಬೇಕು? ಕರ್ನಲ್ ತನ್ನ ಹತ್ತಿರ ಒಂದಷ್ಟು ಪುಟ ಇಟ್ಟುಕೊಂಡು ಕೊಡಬಹುದು. ಆದರೆ ವಿಳಾಸಗಳನ್ನು ದೂರ ದೂರ ಮುಟ್ಟುತ್ತಾ ಹೋಗುವ ಒಂದು ತರಲೆ ಪ್ರೋಗ್ರಾಮ್ ಸಾಕು, ಆ ಗಂಟು ಕರಗಿಸಲು. 2009ರಲ್ಲಿ, ಕೋಡ್ ಸರಿಯಿದೆ ಎಂಬ ಗಣಿತದ ಪುರಾವೆಯೊಂದಿಗೆ ಬಂದ ಎಸ್‌ಇಎಲ್4 ಮೈಕ್ರೋಕರ್ನಲ್ ಇದನ್ನು ಕಟ್ಟುನಿಟ್ಟಾಗಿ ಬಗೆಹರಿಸಿದೆ. ಬೂಟ್ ಆದಮೇಲೆ ಕರ್ನಲ್ ತಾನಾಗಿ ಮೆಮೊರಿ ಎತ್ತಿಕೊಳ್ಳುವುದೇ ಇಲ್ಲ. ಪೇಜ್ ಟೇಬಲ್‌ಗೂ ಯೂಸರ್ ಕಡೆಯಿಂದಲೇ ಮೆಮೊರಿ ಬರಬೇಕು. ನಾವೂ ಹಾಗೇ ಮಾಡಿದೆವು, ಒಂದು ಸಣ್ಣ ಬದಲಾವಣೆಯೊಂದಿಗೆ. ಅಲ್ಲಿ ಮ್ಯಾಪ್ ಸೋತರೆ ಯಾವ ಹಂತ ಇಲ್ಲ ಅಂತ ತಿಳಿದುಕೊಂಡು, ಆ ಟೇಬಲ್ ಕೂರಿಸಿ, ಮತ್ತೆ ಮ್ಯಾಪ್ ಕರೆಯಬೇಕು. ನಮ್ಮಲ್ಲಿ ಮ್ಯಾಪ್ ಕರೆಯುವಾಗಲೇ ಎರಡು ಪುಟ ಮೀಸಲಾಗಿ ಜೊತೆಗೆ ಕೊಡಬಹುದು. ಬೇಕಾದರೆ ಕರ್ನಲ್ ಬಳಸುತ್ತದೆ, ಉಳಿದರೆ ವಾಪಸ್ಸು. ಮೂರು ಹಂತದಲ್ಲಿ ಮೇಲಿನದು ಯಾವಾಗಲೂ ಇರುತ್ತದೆ, ಹಾಗಾಗಿ ಎರಡಕ್ಕಿಂತ ಜಾಸ್ತಿ ಬೇಕಾಗುವುದಿಲ್ಲ.

ನೀರುಗಂಟಿಗೇ ಫಾಲ್ಟ್ ಆದರೆ? ಅದರ ಮೆಸೇಜ್ ಯಾರಿಗೆ ಹೋಗಬೇಕು? ತನಗೆ ತಾನೇ ಕಾಯುತ್ತಾ ಕೂತರೆ ಕಥೆ ಮುಗಿಯಿತು. ಅದಕ್ಕೆ ನಿಯಮ ಒಂದೇ: ಪ್ರತಿ ಪೇಜರ್‌ಗೂ ಮೇಲೊಂದು ಪೇಜರ್, ಎಲ್ಲಕ್ಕೂ ಮೇಲೆ ರೂಟ್ ಟಾಸ್ಕ್. ರೂಟ್ ಟಾಸ್ಕ್‌ನ ಪುಟಗಳೆಲ್ಲ ಬೂಟ್‌ನಲ್ಲೇ ಮ್ಯಾಪ್ ಆಗಿರುತ್ತವೆ. ಎಲ್4ರಲ್ಲಿ ಸಿಗ್ಮಾ0 ಎಂಬ ಎಲ್ಲಕ್ಕೂ ಮೇಲಿನ ಪೇಜರ್ ಇರುವುದೂ ಈ ಕಾರಣಕ್ಕೇ. ಒಂದು ಥ್ರೆಡ್‌ಗೆ ಆ ಥ್ರೆಡ್ಡನ್ನೇ ಪೇಜರ್ ಮಾಡಲು ಹೋದರೆ ನಮ್ಮ ಕರ್ನಲ್ ಎರರ್ ಕೊಟ್ಟು ಕಳಿಸುತ್ತದೆ.

ಬೋರ್ಡ್‌ಗೆ ಹಾಕಿದ್ದು

ಕ್ಯುಇಎಂಯುನಲ್ಲಿ ಎಲ್ಲಾ ಸಲೀಸಾಗಿ ಓಡಿತು. ಬೋರ್ಡ್‌ಗೆ ಒಯ್ಯುವ ಮೊದಲು ಮಾಡಬೇಕಾದ ಚಿಲ್ಲರೆ ಕೆಲಸಗಳು ಇವು. ಕ್ಯುಇಎಂಯುನ ವರ್ಟ್ ಯಂತ್ರದಲ್ಲಿ ರ‍್ಯಾಮ್ ಶುರುವಾಗುವುದು ಹೆಕ್ಸ್ 80000000ದಿಂದ, ಈ ಬೋರ್ಡ್‌ನಲ್ಲಿ 40000000ದಿಂದ. ಸೀರಿಯಲ್ ಪೋರ್ಟ್ ಎರಡರಲ್ಲೂ ಹೆಕ್ಸ್ 10000000ದಲ್ಲೇ ಇದೆ. ಆದರೆ ಕ್ಯುಇಎಂಯುನಲ್ಲಿ ರಿಜಿಸ್ಟರ್‌ಗಳು ಒಂದೊಂದು ಬೈಟ್ ಅಂತರದಲ್ಲಿ, ಬೋರ್ಡ್‌ನಲ್ಲಿ ನಾಲ್ಕು ನಾಲ್ಕು ಬೈಟ್ ಅಂತರದಲ್ಲಿ. ವಿಳಾಸ ಒಂದೇ ಅಂತ ಹಾಗೇ ಬಿಟ್ಟರೆ ಪರದೆ ಮೇಲೆ ಏನೂ ಬರುವುದಿಲ್ಲ. ಹಾರ್ಟ್ ಎಂದರೆ ಇಲ್ಲಿ ಒಂದು ಕೋರ್. ಹಾರ್ಟ್ 0 ಎಂಬುದು ಆ ನಾಲ್ಕರ ಜೊತೆಗಿರುವ ಪುಟ್ಟ ಎಸ್7 ಕೋರ್, ಅದಕ್ಕೆ ಎಂಎಂಯು (ಪೇಜ್ ಟೇಬಲ್ ನೋಡಿ ವಿಳಾಸ ಬಿಡಿಸುವ ಭಾಗ) ಇಲ್ಲ. ನಮಗೆ ಬೇಕಾದವು 1ರಿಂದ 4. ಯುಎಸ್‌ಬಿ ಸೀರಿಯಲ್ ಅಡಾಪ್ಟರ್ 3.3 ವೋಲ್ಟ್‌ನದ್ದೇ ಆಗಿರಲಿ. 40 ಪಿನ್ ಹೆಡರ್‌ನಲ್ಲಿ 6 ಗ್ರೌಂಡ್, 8 ಬೋರ್ಡ್ ಕಳಿಸುವುದು, 10 ಬೋರ್ಡ್ ಕೇಳುವುದು. ವೇಗ 115200.

ಕರ್ನಲ್ ಬೂಟ್ ಆಯಿತು, ಬ್ಯಾನರ್ ಬಂತು. ಮೊದಲ ಯೂಸರ್ ಪ್ರೋಗ್ರಾಮ್ ಶುರುವಾದದ್ದೇ ತಡ, ಪರದೆ ತುಂಬಾ ಒಂದೇ ಸಾಲು ಸುರಿಯತೊಡಗಿತು. ಅದೇ ಥ್ರೆಡ್, ಅದೇ ವಿಳಾಸ, ಎಸ್‌ಕಾಸ್ 12. ಫಾಲ್ಟ್ ಆಗುತ್ತದೆ, ನೀರುಗಂಟಿ ಪುಟ ಕೊಡುತ್ತದೆ, ಥ್ರೆಡ್ ಏಳುತ್ತದೆ, ಮತ್ತೆ ಅಲ್ಲೇ ಫಾಲ್ಟ್. ನೀರುಗಂಟಿಯ ಲೆಕ್ಕದಲ್ಲಿ ಆ ಪುಟ ಆಗಲೇ ಕೊಟ್ಟಾಗಿದೆ. ಟೇಬಲ್ ಎಂಟ್ರಿ ತೆಗೆದು ನೋಡಿದರೆ ಭೌತಿಕ ವಿಳಾಸ ಸರಿ, ಎಂಟ್ರಿ ಸಿಂಧು ಎನ್ನುವ ವಿ ಬಿಟ್ ಇದೆ, ಓದುವ, ಓಡಿಸುವ, ಯೂಸರ್ ಬಿಟ್‌ಗಳೂ ಇವೆ. ಹುಡುಗರಿಗೆ ಟಿಎಲ್‌ಬಿ (ಟೇಬಲ್ ಎಂಟ್ರಿಗಳನ್ನು ಪ್ರೊಸೆಸರ್ ನೆನಪಿಟ್ಟುಕೊಳ್ಳುವ ಜಾಗ) ಮೇಲೆ ಅನುಮಾನ. ಅದನ್ನು ತೊಳೆಯುವ ಎಸ್‌ಫೆನ್ಸ್ ಇನ್‌ಸ್ಟ್ರಕ್ಷನ್ ಇನ್ನೆರಡು ಕಡೆ ಹಾಕಿ ನೋಡಿದರು. ಏನೂ ವ್ಯತ್ಯಾಸವಿಲ್ಲ.

ವಿಷಯ ಎ ಬಿಟ್‌ನದು. ಪ್ರತಿ ಎಂಟ್ರಿಯಲ್ಲಿ ಎ ಮತ್ತು ಡಿ ಅಂತ ಎರಡು ಬಿಟ್ ಇರುತ್ತವೆ. ಪುಟ ಮುಟ್ಟಲಾಗಿದೆ ಎಂಬುದಕ್ಕೆ ಎ, ಪುಟದಲ್ಲಿ ಬರೆಯಲಾಗಿದೆ ಎಂಬುದಕ್ಕೆ ಡಿ. ಇವನ್ನು ಯಾರು ಹಾಕಬೇಕು ಎಂಬುದಕ್ಕೆ ರಿಸ್ಕ್-ಫೈವ್ ಸ್ಪೆಕ್ ಎರಡು ದಾರಿ ಬಿಟ್ಟಿದೆ. ಹಾರ್ಡ್‌ವೇರ್ ತಾನೇ ಹಾಕಬಹುದು, ಇಲ್ಲವೇ ಬಿಟ್ ಸೊನ್ನೆ ಇದ್ದರೆ ಪೇಜ್ ಫಾಲ್ಟ್ ಎತ್ತಿ ಸಾಫ್ಟ್‌ವೇರ್ ತಲೆಗೆ ಕಟ್ಟಬಹುದು. ಕ್ಯುಇಎಂಯು ಸುಮ್ನೆ ತಾನೇ ಹಾಕಿಕೊಂಡು ಹೋಗುತ್ತಿತ್ತು. ಯು74 ಹಾಕುವುದಿಲ್ಲ, ಫಾಲ್ಟ್ ಎತ್ತುತ್ತದೆ. ಅದೂ ಅದೇ ಎಸ್‌ಕಾಸ್ ಸಂಖ್ಯೆಯಲ್ಲಿ, ಪುಟವೇ ಇಲ್ಲ ಎನ್ನುವ ಫಾಲ್ಟ್‌ನ ಹಾಗೆಯೇ. ಕ್ಯುಇಎಂಯುನ ಈಚಿನ ಆವೃತ್ತಿಗಳಲ್ಲಿ, ಬಿಟ್ ತಾನೇ ಹಾಕುವ ಈ ನಡತೆಯನ್ನು ಸಿಪಿಯು ಆಯ್ಕೆಗಳಲ್ಲಿ ಆಫ್ ಮಾಡಿದರೆ ಅದೂ ಬೋರ್ಡ್‌ನ ಹಾಗೇ ನಡೆದುಕೊಳ್ಳುತ್ತದೆ. ಈಗ ನಮ್ಮ ಟೆಸ್ಟ್ ಎರಡೂ ರೀತಿಯಲ್ಲಿ ಓಡುತ್ತದೆ.

ಮ್ಯಾಪ್ ಮಾಡುವಾಗಲೇ ಎ ಬಿಟ್ ಹಾಕಿಬಿಟ್ಟರೆ ಸುರಿಮಳೆ ನಿಲ್ಲುತ್ತದೆ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಯಾವ ಪುಟ ಹೊರಗೆ ಹಾಕಬೇಕು ಅಂತ ತೀರ್ಮಾನಿಸಲು ನೀರುಗಂಟಿಗೆ ಈ ಬಿಟ್‌ಗಳೇ ಬೇಕು. ಹಾಗಾದರೆ ಎ ಫಾಲ್ಟನ್ನೂ ಪೇಜರ್‌ಗೆ ಕಳಿಸಬೇಕಾ? ಇದರ ಬಗ್ಗೆ ನಮ್ಮಲ್ಲಿ ಸಣ್ಣ ಜಗಳವೇ ಆಯಿತು. ಪಾಲಿಸಿ ಎಲ್ಲ ಹೊರಗೆ ಅಂತ ಹೇಳಿದ ಮೇಲೆ ಕಳಿಸಲೇಬೇಕು ಎನ್ನುವುದು ಒಬ್ಬನ ವಾದ. ನನ್ನ ಮಾತು ಬೇರೆ. ಬಿಟ್ ಹಾಕುವುದರಲ್ಲಿ ಯಾವ ತೀರ್ಮಾನವೂ ಇಲ್ಲ. ಬೇರೆ ಚಿಪ್‌ಗಳಲ್ಲಿ ಹಾರ್ಡ್‌ವೇರೇ ಮಾಡುವ ಕೆಲಸ ಅದು. ಅದಕ್ಕಾಗಿ ಇನ್ನೊಂದು ಪ್ರೋಗ್ರಾಮನ್ನು ನಿದ್ದೆಯಿಂದ ಎಬ್ಬಿಸುವುದು ದಂಡ. ಕೊನೆಗೆ ಹೀಗೆ ಮಾಡಿದೆವು: ಎಂಟ್ರಿ ಇದೆ, ಅನುಮತಿಯೂ ಇದೆ, ಎ ಅಥವಾ ಡಿ ಮಾತ್ರ ಸೊನ್ನೆ ಎಂದಾದರೆ ಕರ್ನಲ್ ಅಲ್ಲೇ ಬಿಟ್ ಹಾಕಿ ವಾಪಸ್ ಹೋಗುತ್ತದೆ. ನೀರುಗಂಟಿಗೆ ಒಂದು ಹೊಸ ಸಿಸ್ಟಮ್ ಕಾಲ್: ಈ ವಿಳಾಸದಿಂದ ಇಷ್ಟು ಪುಟಗಳ ಎ, ಡಿ ಬಿಟ್ ಓದಿ ಕೊಡು, ಎ ಅಳಿಸು. ಅಳಿಸಿದ ಮೇಲೆ ಎಸ್‌ಫೆನ್ಸ್ ಮಾಡಲೇಬೇಕು, ಇಲ್ಲದಿದ್ದರೆ ಟಿಎಲ್‌ಬಿಯಲ್ಲಿ ಹಳೆಯ ಎಂಟ್ರಿ ಉಳಿದು ಪುಟ ಮುಟ್ಟಿದ್ದು ಗೊತ್ತಾಗುವುದೇ ಇಲ್ಲ.

ನಿಧಾನ ಯಾಕೆ

ಇನ್ನು ವೇಗದ ಮಾತು. ಟೆಸ್ಟ್ ಸರಳ: 1 ಎಂಬಿ ಹೀಪ್‌ನಲ್ಲಿ ಪ್ರತಿ ಪುಟಕ್ಕೂ ಒಂದು ಬೈಟ್ ಬರೆಯುವುದು. 256 ಪುಟ, 256 ಫಾಲ್ಟ್.

ಅಳೆಯುವುದರಲ್ಲೇ ಒಂದು ತೊಡಕು. ಈ ಬೋರ್ಡ್‌ನಲ್ಲಿ ಟೈಮ್ ಕೌಂಟರ್ 4 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಅಂದರೆ ಒಂದು ಟಿಕ್‌ಗೆ 250 ನ್ಯಾನೋಸೆಕೆಂಡ್, 1.5 ಗಿಗಾಹರ್ಟ್ಸ್‌ನಲ್ಲಿ ಅದು 375 ಸೈಕಲ್. ಅಷ್ಟು ದಪ್ಪ ಗೀಟಿನ ಅಳತೆಪಟ್ಟಿಯಲ್ಲಿ ಒಂದು ಐಪಿಸಿ (ಪ್ರೋಗ್ರಾಮ್‌ಗಳ ನಡುವಿನ ಮೆಸೇಜ್) ಅಳೆಯಲಾಗುವುದಿಲ್ಲ. ಸೈಕಲ್ ಕೌಂಟರ್ ಬಳಸಬೇಕು. ಯೂಸರ್ ಮೋಡ್‌ನಿಂದ ಅದನ್ನು ಓದಲು ಎಸ್‌ಕೌಂಟರೆನ್ ರಿಜಿಸ್ಟರ್‌ನ ಮೊದಲ ಬಿಟ್ ಹಾಕಬೇಕು. ಕ್ಯುಇಎಂಯುನಲ್ಲಿ ಅದೇ ಕೌಂಟರ್ ಓದಿದರೆ ಸಿಗುವುದು ನಮ್ಮ ಲ್ಯಾಪ್‌ಟಾಪ್‌ನ ಕೌಂಟರ್, ರಿಸ್ಕ್-ಫೈವ್ ಸೈಕಲ್ ಅಲ್ಲ. ಹಾಗಾಗಿ ಎಮ್ಯುಲೇಟರ್‌ನಲ್ಲಿ ಅಳೆದ ವೇಗದ ಅಂಕಿಗೆ ಮೂರು ಕಾಸಿನ ಬೆಲೆಯೂ ಇಲ್ಲ.

ಒಂದು ಫಾಲ್ಟ್‌ನ ದಾರಿ ಎಣಿಸಿ ನೋಡಿ. ಟ್ರ್ಯಾಪ್ ಆಗಿ ಕರ್ನಲ್‌ಗೆ ಬರುವುದು ಒಂದು. ನೀರುಗಂಟಿ ಮ್ಯಾಪ್ ಎಂದು ಕರೆಯುವುದು ಎರಡು. ಉತ್ತರ ಕೊಟ್ಟು ಮುಂದಿನ ಮೆಸೇಜ್‌ಗೆ ಕಾಯುವುದು ಮೂರು. ನಡುವೆ ಅಡ್ರೆಸ್ ಸ್ಪೇಸ್ (ಒಂದು ಪ್ರೋಗ್ರಾಮ್‌ಗೆ ಕಾಣುವ ವಿಳಾಸಗಳ ಲೋಕ) ಎರಡು ಸಲ ಬದಲಾಗುತ್ತದೆ. ಲಿನಕ್ಸ್‌ನಂಥ ಒಂದೇ ತುಂಡಿನ ಕರ್ನಲ್‌ನಲ್ಲಿ ಒಂದು ಟ್ರ್ಯಾಪ್‌ನಲ್ಲೇ ಎಲ್ಲಾ ಮುಗಿಯುತ್ತದೆ, ಅಡ್ರೆಸ್ ಸ್ಪೇಸ್ ಬದಲಾಗುವುದಿಲ್ಲ. 256 ಫಾಲ್ಟ್‌ಗೆ ನಮ್ಮದು 768 ಸಲ ಕರ್ನಲ್ ಪ್ರವೇಶ, 512 ಸಲ ಅಡ್ರೆಸ್ ಸ್ಪೇಸ್ ಬದಲು.

ಮೊದಲ ಕತ್ತರಿ ಸುಲಭದ್ದು. ಮ್ಯಾಪ್ ಕರೆಯನ್ನು ಉತ್ತರದೊಳಗೇ ಸೇರಿಸಿದೆವು. ಎಲ್4ರಲ್ಲಿ ಮೊದಲಿಂದಲೂ ಹೀಗೇ. ಉತ್ತರದ ಮೆಸೇಜ್‌ನಲ್ಲೇ ಪುಟ ಹೋಗುತ್ತದೆ. 768 ಇದ್ದದ್ದು 512 ಆಯಿತು.

ಎರಡನೆಯದು ಎಎಸ್‌ಐಡಿ. ಟಿಎಲ್‌ಬಿಯ ಪ್ರತಿ ಎಂಟ್ರಿಗೂ ಇದು ಯಾರದ್ದು ಅಂತ ಒಂದು ಗುರುತು ಇದ್ದರೆ, ಅಡ್ರೆಸ್ ಸ್ಪೇಸ್ ಬದಲಾದಾಗಲೆಲ್ಲ ಟಿಎಲ್‌ಬಿ ಖಾಲಿ ಮಾಡಬೇಕಿಲ್ಲ. ಈಗಿನ ಪೇಜ್ ಟೇಬಲ್ ಎಲ್ಲಿದೆ ಎಂದು ಹೇಳುವ ಎಸ್‌ಎಟಿಪಿ ರಿಜಿಸ್ಟರ್‌ನಲ್ಲಿ ಇದಕ್ಕೆ 16 ಬಿಟ್ ಜಾಗ ಇದೆ. ಒಂದು ಹುಡುಗ ಚೆನ್ನಾಗಿ ಬರೆದ, ಕ್ಯುಇಎಂಯುನಲ್ಲಿ ಓಡಿತು. ಆದರೆ ಎಷ್ಟು ಬಿಟ್ ನಿಜವಾಗಿ ಕೊಡಬೇಕು ಅನ್ನುವುದು ಚಿಪ್ ಮಾಡುವವರ ಇಷ್ಟ. ಆ ಜಾಗದಲ್ಲಿ ಎಲ್ಲಾ ಒಂದು ಬರೆದು ವಾಪಸ್ ಓದಿದರೆ ಎಷ್ಟು ಬಿಟ್ ಅಂಟಿಕೊಂಡವು ಅಂತ ಗೊತ್ತಾಗುತ್ತದೆ. ಬೋರ್ಡ್‌ನಲ್ಲಿ ಓದಿದರೆ ಸೊನ್ನೆ. ಒಂದೂ ಇಲ್ಲ! ಅಂದರೆ ಈ ಚಿಪ್‌ನಲ್ಲಿ ಪ್ರತಿ ಬದಲಾವಣೆಗೂ ಟಿಎಲ್‌ಬಿ ತೊಳೆಯಲೇಬೇಕು. ಕೋಡ್ ಇಟ್ಟುಕೊಂಡೆವು, ಬೇರೆ ಚಿಪ್ ಸಿಕ್ಕಿದಾಗ ಬೇಕಾಗುತ್ತದೆ.

ಇಲ್ಲೊಂದು ಸಣ್ಣ ಉಪಾಯ ಇದೆ. ಎಸ್‌ಫೆನ್ಸ್‌ಗೆ ಎರಡು ಆಪರಾಂಡ್. ಎರಡನೆಯದಾಗಿ ಎಕ್ಸ್0 ರಿಜಿಸ್ಟರನ್ನೇ ಕೊಟ್ಟರೆ ಗ್ಲೋಬಲ್ ಎಂಟ್ರಿಗಳೂ (ಎಲ್ಲಾ ಅಡ್ರೆಸ್ ಸ್ಪೇಸ್‌ಗೂ ಸೇರಿದ, ಜಿ ಬಿಟ್ ಇರುವ ಎಂಟ್ರಿಗಳು) ಸೇರಿ ಎಲ್ಲಾ ಹೋಗುತ್ತವೆ. ಅದರ ಬದಲು ಸೊನ್ನೆ ತುಂಬಿದ ಬೇರೆ ಯಾವುದಾದರೂ ರಿಜಿಸ್ಟರ್ ಕೊಟ್ಟರೆ, ಸ್ಪೆಕ್ ಪ್ರಕಾರ ಜಿ ಬಿಟ್ ಇರುವ ಎಂಟ್ರಿಗಳನ್ನು ಮುಟ್ಟಬೇಕಿಲ್ಲ. ಕರ್ನಲ್‌ನ ಮ್ಯಾಪಿಂಗ್‌ಗಳಿಗೆ ಜಿ ಬಿಟ್ ಹಾಕಿದ್ದೆವು. ಚಿಪ್‌ಗೆ ಬೇಕೆನಿಸಿದರೆ ಅವನ್ನೂ ತೊಳೆಯಬಹುದು, ತಪ್ಪಲ್ಲ. ಖರ್ಚಿಲ್ಲದ ಬದಲಾವಣೆ, ಮಾಡಿ ಬಿಟ್ಟೆವು.

ಇಷ್ಟಾದ ಮೇಲೆ ಒಂದು ಸಲದ ಖರ್ಚು ಇನ್ನು ಇಳಿಯುವ ಹಾಗಿರಲಿಲ್ಲ. ಉಳಿದದ್ದು ಸಲಗಳನ್ನೇ ಕಡಿಮೆ ಮಾಡುವುದು. ಮೈಕ್ರೋಕರ್ನಲ್ ಅಂದ ಕೂಡಲೇ ಐಪಿಸಿ ನಿಧಾನ ಅಂತ ಮೂಗು ಮುರಿಯುವವರು ಬೇಕಾದಷ್ಟು ಸಿಗುತ್ತಾರೆ. ಫಾಲ್ಟ್ ಎಷ್ಟಾಗುತ್ತಿದೆ ಅಂತ ಎಣಿಸಿದವರು ಅವರಲ್ಲಿ ಕಡಿಮೆ. ಒಂದು ಪುಟ ಕೇಳಿದರೆ ಅಕ್ಕಪಕ್ಕದ್ದೂ ಸೇರಿಸಿ ಕೊಡುವುದು ಲಿನಕ್ಸ್‌ನಲ್ಲೂ ಇದೆ. ಫೈಲ್ ಪುಟಗಳಿಗೆ ಒಂದು ಫಾಲ್ಟ್‌ನಲ್ಲಿ 64 ಕೆಬಿವರೆಗೆ, ಅಂದರೆ 16 ಪುಟ. ಅಲ್ಲಿ ಅದೊಂದು ಅನುಕೂಲ. ನಮ್ಮಲ್ಲಿ ಒಂದೊಂದು ಫಾಲ್ಟ್‌ನ ಬೆಲೆ ಜಾಸ್ತಿ ಆದ್ದರಿಂದ ಅದೇ ಜೀವಾಳ.

ಕಣ್ಣು ಮುಚ್ಚಿ ಯಾವಾಗಲೂ 16 ಕೊಡುವುದೂ ಸರಿಯಲ್ಲ. ಸ್ಟ್ಯಾಕ್‌ಗೆ ಒಂದು ಪುಟ ಸಾಕಾಗಿರುತ್ತದೆ, ಉಳಿದ 15 ಸುಮ್ಮನೆ ಹೋಗುತ್ತವೆ. ನೀರುಗಂಟಿ ಈಗ ಮಾಡುವುದು ಹೀಗೆ: ಮೊದಲ ಸಲ 1 ಪುಟ. ಮುಂದಿನ ಫಾಲ್ಟ್ ಹಿಂದೆ ಕೊಟ್ಟದ್ದರ ಪಕ್ಕದಲ್ಲೇ ಆದರೆ 2, ಆಮೇಲೆ 4, 8, 16. ಅಲ್ಲಿಗೆ ನಿಲ್ಲುತ್ತದೆ. ದೂರ ಹಾರಿದರೆ ಮತ್ತೆ 1. ನಮ್ಮ 256 ಪುಟದ ಟೆಸ್ಟ್‌ನಲ್ಲಿ ಮೊದಲ ಐದು ಫಾಲ್ಟ್‌ಗೆ 31 ಪುಟ, ಉಳಿದ 225ಕ್ಕೆ 15 ಫಾಲ್ಟ್. ಒಟ್ಟು 20. ಕರ್ನಲ್ ಪ್ರವೇಶ 40, ಅಡ್ರೆಸ್ ಸ್ಪೇಸ್ ಬದಲೂ 40. 768 ಮತ್ತು 512 ಇದ್ದ ಕಡೆ! ಕರ್ನಲ್‌ನಲ್ಲಿ ಇದಕ್ಕೆ ಬದಲಾದದ್ದು ಒಂದೇ: ಉತ್ತರದ ಮೆಸೇಜ್‌ನಲ್ಲಿ ಒಂದು ಪುಟದ ಬದಲು 16 ಪುಟಗಳವರೆಗೆ ಪಟ್ಟಿ ಇರಬಹುದು.

ಈಗ ಸಮಯ ತಿನ್ನುತ್ತಿರುವುದು ಪುಟಕ್ಕೆ ಸೊನ್ನೆ ತುಂಬುವ ಕೆಲಸ. ಅದನ್ನು ತಪ್ಪಿಸುವ ಹಾಗಿಲ್ಲ, ಒಬ್ಬರ ಹಳೆಯ ಡೇಟಾ ಇನ್ನೊಬ್ಬರಿಗೆ ಕಾಣಬಾರದಲ್ವಾ. ಕೆಲಸವಿಲ್ಲದಾಗ ಓಡುವ ಕಡಿಮೆ ಆದ್ಯತೆಯ ಥ್ರೆಡ್ ಒಂದು ಮೊದಲೇ ತೊಳೆದಿಟ್ಟ ಪುಟಗಳ ರಾಶಿ ಮಾಡಿಡುತ್ತದೆ. 2 ಎಂಬಿಯ ದೊಡ್ಡ ಪುಟದ ಯೋಚನೆಯೂ ಬಂತು. ಭೌತಿಕ ಮೆಮೊರಿಯಲ್ಲಿ ಅಷ್ಟು ಜಾಗ ಒಟ್ಟಿಗೇ ಸಿಗಬೇಕು, 512 ಪುಟದಷ್ಟು ಸೊನ್ನೆ ತುಂಬಬೇಕು. ಸದ್ಯಕ್ಕೆ ಬೇಡ ಅಂತ ಬಿಟ್ಟೆವು.

ಕಾರ್ಡ್‌ಗೆ ಹಾಕುವುದು

ಮೆಮೊರಿ ಸಾಲದಾದಾಗ ಯಾವ ಪುಟ ಹೊರಗೆ? ಹಳೆಯ ಕ್ಲಾಕ್ ಪದ್ಧತಿಯೇ. ಮುಳ್ಳು ಸುತ್ತುತ್ತಾ ಹೋಗುತ್ತದೆ. ಎ ಬಿಟ್ ಇದ್ದರೆ ಅಳಿಸಿ ಮುಂದೆ, ಇಲ್ಲದಿದ್ದರೆ ಆ ಪುಟ ಹೊರಗೆ. ಡಿ ಬಿಟ್ ಸೊನ್ನೆ ಇದ್ದು ಕಾರ್ಡ್‌ನಲ್ಲಿ ಪ್ರತಿ ಇದ್ದರೆ ಬರೆಯುವ ಕೆಲಸವೂ ಇಲ್ಲ, ಹಾಗೇ ಬಿಟ್ಟುಬಿಡಬಹುದು.

ಕಷ್ಟ ಬಂದಿದ್ದು ಬೇರೆ ಕಡೆ. ಎಸ್‌ಡಿ ಕಾರ್ಡ್‌ಗೆ 1 ಮಿಲಿಸೆಕೆಂಡ್ ಕಾದರೆ 15 ಲಕ್ಷ ಸೈಕಲ್ ಹೋಯಿತು. ಅಷ್ಟು ಹೊತ್ತು ನೀರುಗಂಟಿ ಕಾರ್ಡ್ ಡ್ರೈವರ್‌ನ ಮುಂದೆ ಕೈಕಟ್ಟಿ ನಿಂತರೆ, ಕಾರ್ಡ್‌ನ ಗೊಡವೆಯೇ ಇಲ್ಲದ, ಬರೀ ಒಂದು ಖಾಲಿ ಪುಟ ಬೇಕಾದ ಪ್ರೋಗ್ರಾಮ್‌ಗಳೂ ಸಾಲಿನಲ್ಲಿ ನಿಲ್ಲುತ್ತವೆ. ಅದಕ್ಕೆ ಪೇಜರ್ ಯಾರನ್ನೂ ಕಾಯಬಾರದು. ಉತ್ತರ ಕೊಡುವ ಹಕ್ಕನ್ನು, ಅಂದರೆ ರಿಪ್ಲೈ ಕೇಪಬಿಲಿಟಿಯನ್ನು, ಒಂದು ಕಡೆ ಎತ್ತಿಟ್ಟು, ಡ್ರೈವರ್‌ಗೆ ಕೋರಿಕೆ ಹಾಕಿ, ಮುಂದಿನ ಮೆಸೇಜ್‌ಗೆ ಹೋಗಬೇಕು. ಕಾರ್ಡ್‌ನಿಂದ ಡೇಟಾ ಬಂದಾಗ ಎತ್ತಿಟ್ಟ ಹಕ್ಕು ತೆಗೆದು ಉತ್ತರಿಸುವುದು. ಈ ಬದಲಾವಣೆಗೆ ನೀರುಗಂಟಿಯ ಮುಖ್ಯ ಲೂಪ್ ಪೂರ್ತಿ ಬಿಚ್ಚಿ ಕಟ್ಟಬೇಕಾಯಿತು. ಡ್ರೈವರ್‌ನ ಪುಟಗಳು ಮಾತ್ರ ಯಾವತ್ತೂ ಹೊರಗೆ ಹೋಗದಂತೆ ಪಿನ್ ಮಾಡಿದ್ದೇವೆ. ಕಾರ್ಡ್‌ಗೆ ಹೋದ ಪುಟ ತರಲು ಬೇಕಾದ ಡ್ರೈವರ್ರೇ ಕಾರ್ಡ್‌ನಲ್ಲಿದ್ದರೆ ಏನು ಮಾಡೋದು?

ಹುಡುಗರಲ್ಲಿ ಒಬ್ಬ ಈಗ ತನ್ನದೇ ಪೇಜರ್ ಬರೆದಿದ್ದಾನೆ. ಕ್ಲಾಕ್ ಇಲ್ಲ, ಕೈಗೆ ಸಿಕ್ಕ ಪುಟ ಹೊರಗೆ ಹಾಕುವುದು. ಕರ್ನಲ್ ಮತ್ತೆ ಕಂಪೈಲ್ ಮಾಡದೆ, ಬೋರ್ಡ್ ರೀಬೂಟ್ ಮಾಡದೆ, ಒಂದು ಪ್ರೋಗ್ರಾಮ್ ಅವನ ಪೇಜರ್ ಕೆಳಗೆ, ಇನ್ನೊಂದು ನೀರುಗಂಟಿ ಕೆಳಗೆ ಪಕ್ಕಪಕ್ಕದಲ್ಲೇ ಓಡುತ್ತವೆ. ಅರೇಯನ್ನು ಆದಿಯಿಂದ ಅಂತ್ಯದವರೆಗೆ ಸುತ್ತಿ ಸುತ್ತಿ ಓದುವ, ಮೆಮೊರಿಗಿಂತ ಸ್ವಲ್ಪ ದೊಡ್ಡದಾದ ಟೆಸ್ಟ್‌ನಲ್ಲಿ ಅವನದೇ ಗೆಲ್ಲುತ್ತದೆ. ಕ್ಲಾಕ್ ಅಲ್ಲಿ ಸರಿಯಾಗಿ ಇನ್ನೇನು ಬೇಕಾಗುವ ಪುಟವನ್ನೇ ಎತ್ತಿ ಹಾಕುತ್ತದೆ. ಬೇರೆ ಟೆಸ್ಟ್‌ಗಳಲ್ಲಿ ನೀರುಗಂಟಿ ಮುಂದೆ. ಅವನಿಗೆ ಆ ಒಂದೇ ಸಾಕಾಗಿದೆ, ಬಂದವರಿಗೆಲ್ಲ ಅದನ್ನೇ ತೋರಿಸುತ್ತಾನೆ.

ಇಷ್ಟೆಲ್ಲ ಸದ್ಯ ಒಂದೇ ಕೋರ್‌ನಲ್ಲಿ. ನಾಲ್ಕೂ ಎಬ್ಬಿಸಿದರೆ ಒಂದು ಕೋರ್‌ನಲ್ಲಿ ಕಿತ್ತ ಪುಟವನ್ನು ಉಳಿದ ಮೂರರ ಟಿಎಲ್‌ಬಿಯಿಂದಲೂ ಕೀಳಬೇಕು. ಅದಕ್ಕೆ ಎಸ್‌ಬಿಐನಲ್ಲಿ (ರಿಸ್ಕ್-ಫೈವ್‌ನಲ್ಲಿ ಕರ್ನಲ್ ತನ್ನ ಕೆಳಗಿನ ಫರ್ಮ್‌ವೇರ್ ಕರೆಯುವ ಪದ್ಧತಿ) ರಿಮೋಟ್ ಫೆನ್ಸ್ ಕರೆ ಇದೆ. ಪ್ರತಿ ಪುಟಕ್ಕೂ ಅದನ್ನು ಕರೆದರೆ ಮತ್ತೆ ಅದೇ ಕಥೆ, ಆದ್ದರಿಂದ ಕ್ಲಾಕ್ ಮುಳ್ಳು ಒಂದು ಸುತ್ತಿನಲ್ಲಿ ಕಿತ್ತ ಪುಟಗಳಿಗೆಲ್ಲ ಸೇರಿಸಿ ಒಂದೇ ಕರೆ ಮಾಡುವ ಹಾಗೆ ಬರೆಯುತ್ತಿದ್ದೇವೆ.